ಹೋಳಿಗಿ ಉಂಡು ಹಾಕಿದ ಸಹಿ

ಹೋದ ತಿಂಗಳ ನಮ್ಮ ಮನ್ಯಾಗ ಹೋಳಿಗಿ ಮಾಡಬೇಕಂತ ಅಪ್ಪಣಿ ಆತು. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ, ಯಾರ ಹುಟ್ಟಿದ ದಿನನೂ ಅಲ್ಲ. ನಮ್ಮ ನಾದಿನಿ ಬರೋಳಿದ್ಲು. ಮಾವನವರು ಹೋಗಿ ವರ್ಷ ಆತು. ಹೊಲದ ಉತಾರದಾಗ ಗಂಡಮಕ್ಕಳಿಬ್ಬರ ಹೆಸರು ಹಚ್ಚಬೇಕು, ಅದಕ್ಕ ನಾದಿನಿ ಹಕ್ಕು ಬಿಟ್ಟ ಪತ್ರಕ್ಕ ಸಹಿ ಮಾಡಬೇಕು. "ಆಕಿಗೆ ಹೂರಣದ ಹೋಳಿಗಿ ಭಾಳ ಸೇರ್ತಾವ, ಮಾಡು. ಒಂದ ಚಲೋ ಇಳಕಲ್ ಸೀರಿನೂ ತಂದಿಡು. ಉಂಡು, ಎರಡು ಗಂಟೆಕ್ಕ ಸಬ್ ರಜಿಸ್ಟ್ರಾರ್ ಆಫೀಸಿಗೆ ಹೋಗಿ ಬಂದ್ರ ಮುಗೀತು" ಅಂದ್ರು ನಮ್ಮ ಮನಿಯವರು.

ಹಿಂದಿನ ದಿನ ರಾತ್ರಿ ಕಡ್ಲಿಬ್ಯಾಳಿ ಅಳದು ಇಡಲಿಕ್ಕೆ ಡಬ್ಬಿಯೊಳಗ ಕೈ ಹಾಕಿದಾಗ ನೆನಪಾತು, ಈ ಹೋಳಿಗಿ ನಾನೂ ಒಮ್ಮೆ ಉಂಡೇನಿ.

2009ರ ಮಾತು. ನಮ್ಮ ಅಪ್ಪ ತೀರಿಕೊಂಡ ಮರುವರ್ಷ. ತವರು ಮನ್ಯಾಗ ಅಣ್ಣಂದಿರು ನನಗೂ ನಮ್ಮ ಅಕ್ಕಗೂ ಕರಿಸಿದ್ರು. ವೈನಿ ಹೋಳಿಗಿ, ಕಟ್ಟಿನ ಸಾರು ಮಾಡಿದ್ಲು. ಉಂಡ ಮ್ಯಾಲೆ ಕಾಗದ ಬಂತು. ಅಣ್ಣ ಬಟ್ಟು ಇಟ್ಟು ತೋರಿಸಿದಲ್ಲೆಲ್ಲ ನಾ ಸಹಿ ಮಾಡಿದೆ. ಒಂದ ಸಾಲೂ ಓದಲಿಲ್ಲ. ಪಿಯುಸಿ ತನಕ ಕಲಿತಾಕಿ ನಾನು, ಓದಲಿಕ್ಕೆ ಬರ್ತದ. ಆದ್ರ ಅಣ್ಣ ಕೊಟ್ಟ ಕಾಗದ ಓದೋದು ಅಂದ್ರ ಅವನ ಮ್ಯಾಲೆ ಸಂಶಯ ಮಾಡಿದಂಗ ಅಂತ ನನ್ನ ತಿಳುವಳಿಕಿ ಇತ್ತು. ಸೀರಿ ಕೊಟ್ಟು, ಉಡಿ ತುಂಬಿ, "ಎಂಥಾ ಗುಣವಂತಿ ನಮ್ಮ ತಂಗಿ" ಅಂತ ಕಣ್ಣಾಗ ನೀರು ತಂದು ಕಳಿಸಿದ್ರು. ನನಗೂ ಕಣ್ಣೀರು ಬಂತು. ಆ ಕಣ್ಣೀರು ಖರೇನ ಇತ್ತು, ಅದನ್ನ ಇವತ್ತೂ ಸುಳ್ಳು ಅನ್ನೂದಿಲ್ಲ.

ನಮ್ಮ ಅಕ್ಕ ಮಾತ್ರ ಕಾಗದ ಕೈಯಾಗ ಹಿಡಕೊಂಡು "ಇದನ್ನ ಮನಿಗೆ ಒಯ್ದು ಓದಿ ನೋಡ್ತೀನಿ" ಅಂದ್ಲು. ಅಷ್ಟ. ಎಲ್ಲಾರ ಮಾರಿನೂ ಇಳೀತು. ನಾ ಏನಂದೆ ಗೊತ್ತೇನು? ಎಲ್ಲಾರ ಮುಂದ, "ಎಷ್ಟ ಆಶಾಬುರಕಿ ಅಕ್ಕಾ ನೀ" ಅಂದೆ. ಆಕಿ ಸಹಿ ಮಾಡಲಿಲ್ಲ. ವರ್ಷಗಟ್ಟಲೆ ಜಗಳಾಡಿ ಒಂದೂವರಿ ಎಕರೆ ತನ್ನ ಹೆಸರಿಗೆ ಮಾಡಿಸಿಕೊಂಡ್ಲು. ಅದಾದ ಮ್ಯಾಲೆ ನಾಲ್ಕು ವರ್ಷ ಆಕಿನ್ನ ಪಂಚಮಿಗೆ ಕರೀಲಿಕ್ಕೆ ಯಾರೂ ಹೋಗಲಿಲ್ಲ.

ಇದನ್ನೆಲ್ಲ ಮತ್ತ ತೆಗದು ನೋಡೂ ಹಂಗ ಮಾಡಿದಾಕಿ ಯಾರಂದ್ರ ಎರಡನೂರಾ ಮೂವತ್ತು ವರ್ಷದ ಹಿಂದಿನ ಒಬ್ಬ ಇಂಗ್ಲಿಷ್ ಹೆಣ್ಣಮಗಳು. ನನ್ನ ಮಗಳು ರಾಜ್ಯಶಾಸ್ತ್ರದಾಗ ಎಂ.ಎ. ಮಾಡ್ತಾಳ. ಪರೀಕ್ಷಾಕ್ಕ ಓದೋ ಮುಂದ, ನಾ ಮೆಂತೆಪಲ್ಯ ಸೋಸಿಕೋತ ಕೂತಾಗ, ತಾ ಓದಿದ್ದನ್ನ ನನಗ ಕನ್ನಡದಾಗ ಹೇಳ್ತಾಳ. ಹೇಳಿದ್ರ ಆಕಿಗೆ ನೆನಪಿರ್ತದಂತ. ಹಂಗ ನನಗ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಪರಿಚಯ ಆದಳು. ಹೆಸರು ನಾಲಿಗಿಗೆ ತೊಡಕು, ಹಿಂಗಾಗಿ ನಮ್ಮ ಮನ್ಯಾಗ ಬರೇ ಮೇರಿ.

ಈ ಮೇರಿ 1759ರಾಗ ಲಂಡನ್ನಿನಾಗ ಹುಟ್ಟಿದ್ಲು. ಅಪ್ಪ ಕುಡದು ಬಂದು ಅವ್ವನ್ನ ಹೊಡಿತಿದ್ದ. ಅವ್ವಗ ಪೆಟ್ಟು ಬೀಳಬಾರದಂತ ಈ ಹುಡಿಗಿ ಎಷ್ಟೋ ರಾತ್ರಿ ಅವರ ಕ್ವಾಣಿ ಬಾಗಲದ ಹತ್ರನ ಮಲಗತಿದ್ಲಂತ. ರೇಷ್ಮಿ ನೇಯಿಸಿ ಗಳಿಸಿದ ಅಜ್ಜನ ಆಸ್ತಿಯೊಳಗ ಹಿರೇ ಅಣ್ಣಗ ಪಾಲು ಬಂತು, ಈಕಿಗೆ ಏನೂ ಬರಲಿಲ್ಲ. "ಅಲ್ಲೂ ಹಂಗ ಏನು?" ಅಂತ ಕೇಳಿದೆ ಮಗಳಿಗೆ. "ಅಲ್ಲೆ ಇನ್ನೂ ಬಿಗಿ ಇತ್ತವಾ" ಅಂದ್ಲು. ಆಗಿನ ಇಂಗ್ಲೆಂಡಿನ ಕಾಯ್ದೆ ಪ್ರಕಾರ ಲಗ್ನ ಆದ ಕೂಡಲೆ ಗಂಡ ಹೆಂಡತಿ ಕೂಡಿ ಒಂದ ಜೀವ, ಆ ಒಂದ ಜೀವ ಅಂದ್ರ ಗಂಡ. ಹೆಂಡತಿ ದುಡಿದ ರೊಕ್ಕನೂ ಅವನದ. ಅಲ್ಲಿಯ ಹೆಂಡಂದಿರು ತಮ್ಮ ಆಸ್ತಿ ತಮ್ಮ ಹೆಸರಿನಾಗ ಪೂರ್ತಿ ಇಟ್ಟುಕೊಳ್ಳಲಿಕ್ಕೆ 1882ರ ಕಾಯ್ದೆ ಬರಬೇಕಾತು.

ಮೇರಿ ತಂಗಿಯೊಬ್ಬಾಕಿ ಬಾಣಂತನದಾಗ ಮನಸ್ಸಿನ ಸ್ಥಿಮಿತ ಕಳಕೊಂಡ್ಲು. ಗಂಡನ ಮನ್ಯಾಗ ಇದ್ರ ಆಕಿ ಉಳಿಯೂದಿಲ್ಲ ಅಂತ ಮೇರಿ 1784ರ ಚಳಿಗಾಲದಾಗ ಆಕಿನ್ನ ಕದ್ದು ಕರಕೊಂಡು ಬಂದ್ಲು. ಕೂಸಿನ್ನ ತರಲಿಕ್ಕೆ ಆಗಲಿಲ್ಲ. ಕಾಯ್ದೆಯೊಳಗ ಕೂಸೂ ಗಂಡನದ. ವರ್ಷ ತುಂಬೋದ್ರಾಗ ಅದು ಹೋತು. ಇದನ್ನ ಕೇಳಿದಾಗ ನಾ ಸೋಸೂದು ಬಿಟ್ಟು ಸುಮ್ಮ ಕೂತಿದ್ದೆ.

ಹೊಟ್ಟಿಪಾಡಿಗೆ ಆ ಕಾಲದ ಮಧ್ಯಮ ವರ್ಗದ ಹೆಣ್ಣಮಗಳು ಏನೇನು ಮಾಡಬಹುದಿತ್ತೋ ಅಷ್ಟನ್ನೂ ಈಕಿ ಮಾಡಿದ್ಲು. ಸಾಹುಕಾರ ಮುದುಕಿ ಜೋಡಿಗೆ ಇದ್ದಳು, ಸಾಲಿ ತೆಗದ್ಲು, ಐರ್ಲೆಂಡಿನಾಗ ಶ್ರೀಮಂತರ ಮಕ್ಕಳಿಗೆ ಮನಿಪಾಠ ಹೇಳಿದ್ಲು. ಕಡಿಗೆ ಲಂಡನ್ನಿಗೆ ಬಂದು ಬರದು ಬದುಕತೀನಿ ಅಂತ ನಿಂತ್ಲು. 1792ರಾಗ 'ಎ ವಿಂಡಿಕೇಶನ್ ಆಫ್ ದಿ ರೈಟ್ಸ್ ಆಫ್ ವುಮನ್' ಅನ್ನೋ ಪುಸ್ತಕ ಬರದ್ಲು. ಹೆಣ್ಣಿನ ಹಕ್ಕುಗಳ ಸಮರ್ಥನೆ ಅಂತ ಅನ್ನಬಹುದು. ಆಗ ಫ್ರಾನ್ಸಿನಾಗ ಕ್ರಾಂತಿ ಆಗಿ, ಎಲ್ಲಾ ಮನುಷ್ಯರೂ ಸಮಾನರು ಅಂತ ಸಾರಿದ್ರು. ಅದ ಫ್ರಾನ್ಸಿನಾಗ ತಾಲೆರಾಂ ಅನ್ನೋ ದೊಡ್ಡ ಮುತ್ಸದ್ದಿ, ಹೆಣ್ಣಮಕ್ಕಳಿಗೆ ಎಂಟು ವರ್ಷದ ತನಕ ಸಾಲಿ ಸಾಕು, ಮುಂದ ಮನ್ಯಾಗ ಇರಲಿ ಅಂತ ವರದಿ ಕೊಟ್ಟ. ಮೇರಿ ತನ್ನ ಪುಸ್ತಕ ಆ ಮನುಷ್ಯಾಗನ ಅರ್ಪಣೆ ಮಾಡಿದ್ಲು. ಜಗಳಕ್ಕ ಬಂದವರ ಮನಿಗೇ ಹೋಗಿ ಬಾಗಲಾ ಬಡದಂಗ.

ಪುಸ್ತಕದಾಗ ಏನದ ಅಂದ್ರ, ನನಗ ತಿಳಿದಷ್ಟು ಹೇಳ್ತೀನಿ. ಆಗಿನ ದೊಡ್ಡ ತತ್ವಜ್ಞಾನಿ ರೂಸೋ 'ಎಮಿಲ್' ಅನ್ನೋ ಪುಸ್ತಕದಾಗ, ಹುಡಗನ್ನ ಸ್ವತಂತ್ರ ಮನುಷ್ಯಾ ಆಗೂ ಹಂಗ ಬೆಳಸಬೇಕು, ಅವನ ಕೈ ಹಿಡಿಯೋ ಹುಡಿಗಿನ್ನ ಅವನ ಮನಸ್ಸಿಗೆ ಬರೂ ಹಂಗ ಬೆಳಸಬೇಕು ಅಂದಿದ್ದ. ಗ್ರೆಗರಿ ಅನ್ನೋ ಡಾಕ್ಟರ್ ತನ್ನ ಹೆಣ್ಣಮಕ್ಕಳಿಗೆ, ನಿಮಗ ಬುದ್ಧಿ ಇದ್ರ ಗಂಡಸರ ಮುಂದ ತೋರಿಸಬ್ಯಾಡ್ರಿ ಅಂತ ಬುದ್ಧಿವಾದ ಬರದಿದ್ದ. ಇದನ್ನ ಕೇಳಿ ನನಗ ನಗು ಬಂತು, ಯಾಕಂದ್ರ ನಮ್ಮ ಅಜ್ಜಿನೂ ಲಗ್ನದ ಮುಂಚೆ ನನಗ ಇದನ್ನ ಹೇಳಿದ್ಲು. ಗ್ರೆಗರಿ ಪುಸ್ತಕ ಆಕಿ ಓದಿರಲಿಕ್ಕಿಲ್ಲ!

ಮೇರಿ ಇವರಿಬ್ಬರಿಗೂ ಉತ್ತರ ಕೊಡ್ತಾಳ. ಹೆಂಗಸರು ಶೃಂಗಾರಕ್ಕ, ಹೊಗಳಿಕೆಗೆ ಬೀಳ್ತಾರ, ಸಣ್ಣ ಬುದ್ಧಿಯವರು ಅಂತೀರಲ್ಲ, ಅದು ಹುಟ್ಟುಗುಣ ಅಂತ ಹೆಂಗ ಗೊತ್ತಾತು? ಸಿಪಾಯಿಗಳನ್ನ ನೋಡ್ರಿ ಅಂತಾಳ. ಅವರೂ ಗಂಡಸರ. ಆದ್ರ ಸಣ್ಣ ವಯಸ್ಸಿನಾಗ ಹೋಗಿ, ವಿಚಾರ ಮಾಡೂದು ಕಲಿಯೂಕಿಂತ ಮೊದಲ ಹೇಳಿದ್ದು ಕೇಳೂದು, ನೀಟಾಗಿ ಕಾಣೂದು ಕಲೀತಾರ. ಹಿಂಗಾಗಿ ಅವರಿಗೂ ಉಡಗಿ ತೊಡಗಿ, ಕುಣತ, ಚೇಷ್ಟಾ ಇವುಗಳದ್ದ ಹುಚ್ಚು. ಅಂದ ಮ್ಯಾಲೆ ಇದು ಬೆಳಸಿದ ರೀತಿಯ ಫಲ ಅಂತ ಆಕಿ ವಾದ. ತರ್ಕ ಎಷ್ಟ ಸರಳ ನೋಡ್ರಿ. ಎರಡು ಹಿಟ್ಟು ಒಂದ ಅಚ್ಚಿನಾಗ ಒತ್ತಿದ್ರ ಎರಡೂ ಚಕ್ಕುಲಿನ.

ಇನ್ನೊಂದು ಮಾತಂತೂ ನಮ್ಮ ಅಡಿಗಿ ಮನಿಗೆ ಬಂದು ನೋಡಿ ಬರದಂಗ ಅದ. ಎದುರಿಗೆ ನಿಂತು ಕೇಳೂ ಅಧಿಕಾರ ಇಲ್ಲದವರು ಉಪಾಯ, ಕಪಟ ಕಲೀತಾರ, ಆಮ್ಯಾಲೆ ಜಗತ್ತು 'ಹೆಂಗಸರು ಕಪಟಿ' ಅಂತ ಅಂತದ ಅಂತಾಳ. ಅಕ್ಕಿ ಡಬ್ಬಿಯೊಳಗ ನೂರರ ನೋಟು ಮುಚ್ಚಿಟ್ಟವರು ಯಾರ್ಯಾರಿದ್ದೀರಿ, ಕೈ ಎತ್ರಿ. ನಾ ಮೊದಲ ಎತ್ತೀನಿ. ಸೀರಿ ಎಂಟನೂರು ಅಂತ ಗಂಡಗ ಹೇಳಿ ಹದಿನೈದನೂರು ಕೊಟ್ಟಾಕಿ ನಾನು. ಅದನ್ನ ಜಾಣತನ ಅಂದುಕೊಂಡಿದ್ದೆ. ಕೇಳಿ ತಗೊಳ್ಳೂ ದಾರಿ ಇದ್ದಿದ್ರ ಆ ಜಾಣತನ ನನಗ ಯಾಕ ಬೇಕಾಗ್ತಿತ್ತು?

ಆದ್ರ ನನ್ನ ಒಳಗ ಚುಚ್ಚಿದ್ದು ಗುಣದ ಮಾತು. ಮೇರಿ ಪ್ರಕಾರ ಗಂಡಸಿಗೊಂದು ಗುಣ, ಹೆಂಗಸಿಗೊಂದು ಗುಣ ಅಂತ ಇಲ್ಲ. ಗುಣ ಅನ್ನೂದು ಒಂದ, ಅದು ಸ್ವಂತ ಬುದ್ಧಿಯಿಂದ ವಿಚಾರ ಮಾಡಿ ಆರಿಸಿಕೊಂಡದ್ದಿರಬೇಕು. ಅಂಜಿ ಮಾಡಿದ್ದು, ಹೊಗಳತಾರಂತ ಮಾಡಿದ್ದು, ಬ್ಯಾರೆ ದಾರಿನ ಕಾಣದ ಮಾಡಿದ್ದು, ಇವಕ್ಕೆಲ್ಲ ಗುಣ ಅನ್ನೂದು ಹೆಂಗ? ಇದನ್ನ ಕೇಳಿದ ದಿನ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. 'ಎಂಥಾ ಗುಣವಂತಿ' ಅಂತ ತವರಿನವರು ಕೊಟ್ಟ ಸರ್ಟಿಫಿಕೇಟು ಹದಿನೈದು ವರ್ಷ ಟ್ರಂಕಿನಾಗ ಜತನ ಮಾಡಿ ಇಟ್ಟಿದ್ದೆ. ಆ ದಿನ ತೆಗದು ನೋಡಿದ್ರ ಅದರಾಗ ನನ್ನ ಸಹಿ ಇತ್ತು, ನಾ ಇರಲಿಲ್ಲ.

ಈಗಿನ ಟೀವಿ ಚರ್ಚೆಯೊಳಗ ಒಂದ ಮಾತು ಭಾಳ ಕೇಳ್ತೇವಿ. "ಆಕಿ ತಾನಾಗೇ ಬಿಟ್ಟುಕೊಟ್ಟಾಳ, ಆಕಿ ಇಷ್ಟ, ನಿಮಗೇನು?" ನೌಕರಿ ಬಿಟ್ಟ ಸೊಸಿ ಬಗ್ಗೆನೂ ಇದನ್ನ ಅಂತಾರ, ಪಾಲು ಬಿಟ್ಟ ಮಗಳ ಬಗ್ಗೆನೂ ಇದನ್ನ. ಆಕಿ ಇಷ್ಟ ಅನ್ನೂದು ದೊಡ್ಡ ಮಾತು, ಅದನ್ನ ಹಗರ ಮಾಡಬಾರದು. ಖುಷಿಲೆ ಬಿಟ್ಟುಕೊಡೋರೂ ಇದ್ದಾರ. ಆದ್ರ ಮೇರಿ ಕೇಳೂ ಹಂಗ ಒಂದ ಪ್ರಶ್ನೆ ಕೇಳಿ ನೋಡ್ರಿ: ಆಕಿ ಒಲ್ಲೆ ಅಂದಿದ್ರ ಏನಾಗ್ತಿತ್ತು? ನಮ್ಮ ಅಕ್ಕಗ ಆದಂಗ ಪಂಚಮಿ ತಪ್ಪತದ ಅಂದ್ರ, ಹೂಂ ಅಂದದ್ದನ್ನ ಇಷ್ಟ ಅನ್ನೂದು ಕಷ್ಟ.

ಆಕಿ ಹೇಳಿದ್ದೆಲ್ಲ ನನಗ ಒಪ್ಪಿಗಿ ಅಂತಲ್ಲ. ಒಂದ ಕಡೆ ಆದರ್ಶ ಸಂಸಾರದ ಚಿತ್ರ ಬರೀತಾಳ. ಹೆಂಡತಿ ಮಕ್ಕಳನ್ನ ನೋಡಿಕೋತ, ಓದಿಕೋತ ಇರ್ತಾಳ, ಮನಿಯ ಹೊಲಸು ಕೆಲಸಕ್ಕ ಒಬ್ಬ ಆಳು ಹುಡಿಗಿ ಇರ್ತಾಳ. ನಾ ಮಗಳನ್ನ ಕೇಳಿದೆ, "ಆ ಆಳು ಹುಡಿಗಿ ಹಕ್ಕು ಯಾವ ಪುಸ್ತಕದಾಗ ಅದ?" ಮಗಳು ನಕ್ಕು, "ಅವ್ವಾ, ಇದನ್ನ ಪರೀಕ್ಷಾದಾಗ ಬರೀತೀನಿ" ಅಂದ್ಲು. ನಮ್ಮ ಮನಿ ಭಾಂಡೆ ತಿಕ್ಕುವಾಕಿ ರಜಾ ಕೇಳಿದಾಗ ನಾ ಮಾರಿ ಸಿಂಡರಿಸಿದ್ದೂ ಆವಾಗ ನೆನಪಾತು. ಹಂಗ ಬಿಡ್ರಿ, ಅದು ಬ್ಯಾರೆ ದಿನ ಬರಿಯೂ ವಿಷಯ.

ಆದ್ರೂ ಆಕಿ ಆ ಕಾಲದಾಗ ಕೇಳಿದ್ದನ್ನ ನೋಡ್ರಿ. ಹುಡಗರು ಹುಡಿಗ್ಯಾರು, ಬಡವರು ಶ್ರೀಮಂತರು ಒಂದ ಸಾಲಿಯೊಳಗ ಕೂಡಿ ಕಲೀಬೇಕು. ಹೆಂಗಸರು ಡಾಕ್ಟರ್ ಆಗಬೇಕು, ಅಂಗಡಿ ನಡಸಬೇಕು, ಹೊಲ ನೋಡಿಕೊಳ್ಳಬೇಕು. ನಗತೀರಿ ಗೊತ್ತದ, ಆದ್ರೂ ಹೇಳ್ತೀನಿ ಅಂತ, ಆಡಳಿತದಾಗೂ ಹೆಂಗಸರಿಗೆ ಪ್ರತಿನಿಧಿಗಳಿರಬೇಕು ಅಂತ ಸೂಚನಾ ಕೊಟ್ಲು. ನಗೋರು ನಕ್ಕರು. ಹೊರೇಸ್ ವಾಲ್ಪೋಲ್ ಅನ್ನೋ ದೊಡ್ಡ ಮನುಷ್ಯಾ ಆಕಿನ್ನ ಕತ್ತೆಕಿರುಬಕ್ಕ ಹೋಲಿಸಿದ. ಇನ್ನೊಬ್ಬಾಂವ, ಹಂಗಾದ್ರ ದನಕರುಗಳಿಗೂ ಹಕ್ಕು ಕೊಡ್ರಿ ಅಂತ ಚೇಷ್ಟಾ ಪುಸ್ತಕನ ಬರದ.

1797ರಾಗ ಎರಡನೇ ಮಗಳನ್ನ ಹಡದು, ಬಾಣಂತಿ ಸನ್ನಿಯಾಗಿ ಹನ್ನೊಂದು ದಿನಕ್ಕ ಮೇರಿ ತೀರಿಕೊಂಡ್ಲು. ಮೂವತ್ತೆಂಟು ವಯಸ್ಸು. ಆ ಕೂಸ ಮುಂದ 'ಫ್ರಾಂಕೆನ್‌ಸ್ಟೈನ್' ಬರದ ಮೇರಿ ಶೆಲ್ಲಿ. ಗಂಡ ಗಾಡ್ವಿನ್ ಆಕಿ ಮ್ಯಾಲಿನ ಪ್ರೀತಿಲೆ ಮರುವರ್ಷ ಆಕಿ ಜೀವನಚರಿತ್ರೆ ಬರದ. ಲಗ್ನ ಆಗದ ಒಬ್ಬ ಮಗಳನ್ನ ಹಡದದ್ದು, ಜೀವಾ ಕಳಕೊಳ್ಳಲಿಕ್ಕೆ ಹೋದದ್ದು, ಒಂದೂ ಮುಚ್ಚಲಿಲ್ಲ. ಜನರಿಗೆ ಅಷ್ಟ ಸಾಕಾತು. "ಇಂಥಾಕಿ ಪುಸ್ತಕ ಓದೋದ?" ಅಂತ ಮರ್ಯಾದಸ್ಥರು ಎಷ್ಟೋ ವರ್ಷ ಆಕಿ ಹೆಸರೆತ್ತಲಿಕ್ಕೆ ಹಿಂದ ಮುಂದ ನೋಡಿದ್ರು. ಕೇಳಿದ ಪ್ರಶ್ನೆಕ್ಕ ಉತ್ತರ ಕೊಡೂದು ಬಿಟ್ಟು ಕೇಳಿದಾಕಿ ನಡತಿ ನೋಡೂದು. ನಾ ನಮ್ಮ ಅಕ್ಕಗ ಮಾಡಿದ್ದೂ ಇದನ್ನ. ಆಕಿ 'ಓದಿ ನೋಡ್ತೀನಿ' ಅಂದ್ಲು, ನಾ 'ಆಶಾಬುರಕಿ' ಅಂದೆ.

ಇನ್ನ ನಮ್ಮ ಕಾಯ್ದೆ ಮಾತು. ಇದನ್ನ ನಾ ಮಗಳ ಕಡಿಂದ ಎರಡೆರಡು ಸರ್ತೆ ಕೇಳಿ ಬರಕೊಂಡೇನಿ, ನೀವೂ ತಿಳಕೊಂಡಿರ್ರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೊಳಗ ಹಿರಿಯರಿಂದ ಬಂದ ಆಸ್ತಿಯಾಗ ಮಗಳು ಮಗನ ಸರಿಸಮ ಇರಲಿಲ್ಲ. ನಮ್ಮ ಕರ್ನಾಟಕದಾಗ 1994ರಾಗ ತಿದ್ದುಪಡಿ ಆತು, ಆದ್ರ ಅದಕ್ಕಿಂತ ಮೊದಲ ಲಗ್ನ ಆದವರನ್ನ ಹೊರಗಿಟ್ರು. ನನ್ನ ಲಗ್ನ 1991ರಾಗ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಾಗ, ಲಗ್ನ ಆಗಿರಲಿ ಬಿಡಲಿ, ಮಗಳೂ ಮಗನಂಗ ಹುಟ್ಟಿನಿಂದನ ಪಾಲುದಾರಳು. 2004ರ ಡಿಸೆಂಬರ್ 20ಕ್ಕಿಂತ ಮೊದಲ ರೀತಿ ಪ್ರಕಾರ ಆದ ವಾಟ್ನಿ ಮಾತ್ರ ಅಳ್ಳಾಡೂದಿಲ್ಲ. 2005ರಾಗ ಅಪ್ಪ ಜೀವಂತ ಇರಲೇಬೇಕು ಅಂತ ಇಲ್ಲ ಅಂತ 2020ರ ಆಗಸ್ಟ್‌ನಾಗ ವಿನೀತಾ ಶರ್ಮಾ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳೇದ. ಅಂದ್ರ 2009ರಾಗ ನನ್ನ ಕೈಯಾಗ ಹಕ್ಕಿತ್ತು. ಅದರ ಮ್ಯಾಲೆ ಹೋಳಿಗಿ ತುಪ್ಪ ಬಿತ್ತು.

ಹೇಳೂದೇನಂದ್ರ, ಕಾಯ್ದೆ ನಮ್ಮ ಕೈಯಾಗ ಪಾಲು ಕೊಟ್ಟದ. ಒಲ್ಲೆ ಅನ್ನೂ ಧೈರ್ಯ ಕಾಯ್ದೆ ಕೊಡಲಿಕ್ಕೆ ಬರೂದಿಲ್ಲ, ಅದನ್ನ ಮನ್ಯಾಗ ಕೊಡಬೇಕು. ಗಂಡನ ಮನಿನೂ ನಿಂದ, ತವರು ಮನಿನೂ ನಿಂದ ಅಂತಾರ, ಆದ್ರ ಎರಡೂ ಕಡೆ ಉತಾರದಾಗ ನನ್ನ ಹೆಸರು ಹುಡಕಿದ್ರ ಸಿಗೂದಿಲ್ಲ.

ಹಿಂಗ ಎಲ್ಲಾ ತಲ್ಯಾಗ ಇಟ್ಟುಕೊಂಡು ನಾ ನಾದಿನಿಗೆ ಹೋಳಿಗಿ ಮಾಡಲಿಕ್ಕೆ ನಿಂತೆ. ಈ ಸರ್ತೆ ನಾ ಬಡಸೂ ಕಡೆ ಇದ್ದೆ. ಆಕಿ ಸಹಿ ಮಾಡಿದ್ರ ಲಾಭ ನನ್ನ ಮನಿಗೇ. ಸುಮ್ಮ ಇದ್ರ ಯಾರೂ ನನಗ ಏನೂ ಅನ್ನತಿದ್ದಿಲ್ಲ.

ನಾದಿನಿ ಮುಂಜಾನೆ ಒಂಬತ್ತಕ್ಕ ಬಂದ್ಲು. ಚಹಾ ಕುಡದು ಅಡಿಗಿ ಮನ್ಯಾಗ ಮಣಿ ಮ್ಯಾಲೆ ಕೂತು ಏಲಕ್ಕಿ ಸುಲಿಲಿಕ್ಕೆ ಹತ್ತಿದ್ಲು. "ಕಾಗದ ಓದಿದೇನವಾ?" ಅಂತ ಕೇಳಿದೆ. "ಇಲ್ಲ ವೈನಿ, ಅಣ್ಣ ಹೇಳಿದ್ನಲ್ಲ." ಕಪಾಟಿನಾಗಿನ ಝೆರಾಕ್ಸ್ ಪ್ರತಿ ತಂದು ನಾನ ಓದಿದೆ. ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕಬಂದಿ ಎಲ್ಲಾ ಓದಿಕೋತ ಬಂದೆ. ಕಡಿಗೊಂದ ಕಡೆ, ಯಾರ ಒತ್ತಾಯ ಇಲ್ಲದ ಸ್ವಸಂತೋಷದಿಂದ ಹಕ್ಕು ಬಿಟ್ಟೇನಿ ಅನ್ನೂ ಅರ್ಥದ ಸಾಲು ಬಂತು. ಅಲ್ಲೆ ನನ್ನ ದನಿ ನಿಂತಿತು. ಇದ ಸಾಲಿನ ಕೆಳಗ ನಾನೂ ಸಹಿ ಹಾಕಿರಬೇಕು.

"ತಂಗೀ, ಇದು ಖರೇ ಇದ್ರ ಸಹಿ ಮಾಡು. ಖರೇ ಅನಿಸದಿದ್ರ ಮಾಡಬ್ಯಾಡ. ನಿನಗ ಪಾಲದ" ಅಂದೆ.

ಆಕಿ ಭಾಳ ಹೊತ್ತು ಏಲಕ್ಕಿ ಸಿಪ್ಪಿ ನೋಡಿಕೋತ ಕೂತ್ಲು. ಆಮ್ಯಾಲೆ ಸಣ್ಣ ದನಿಲೆ, "ಒಲ್ಲೆ ಅಂದ್ರ ತವರು ಮನಿ ತಪ್ಪತದಲ್ಲ ವೈನಿ?" ಅಂದ್ಲು.

"ನಾ ಈ ಮನ್ಯಾಗ ಇರೂತನಕ ತಪ್ಪೂದಿಲ್ಲ. ಸಹಿ ಮಾಡಿದ್ರೂ ಹೋಳಿಗಿ ಅದ, ಮಾಡದಿದ್ರೂ ಹೋಳಿಗಿ ಅದ" ಅಂದೆ.

ಎರಡು ಗಂಟೆಕ್ಕ ಆಕಿ "ಎಂಟು ದಿನ ಕೊಡು ಅಣ್ಣಾ, ಓದಿ ಹೇಳ್ತೀನಿ" ಅಂದ್ಲು. ನಮ್ಮ ಮನಿಯವರು ಆಕಿನ್ನ ನೋಡಲಿಲ್ಲ, ನನ್ನ ನೋಡಿದ್ರು. ರಾತ್ರಿ ಒಂದ ಮಾತು ಕೇಳಿದ್ರು, "ನಮ್ಮ ಮಕ್ಕಳ ಪಾಲು ಕಡಿಮಿ ಆಗ್ತದ, ಅದರ ಖಬರ ಅದ ಏನು ನಿನಗ?" ಅವರ ಮಾತೂ ಸುಳ್ಳಲ್ಲ. ಸಾಲ ಮಾಡಿ ಆ ಹೊಲಕ್ಕ ಬೋರ್ ಹಾಕಿಸಿದವರು ಅವರು. "ನಮಗೂ ಒಬ್ಬಾಕಿ ಮಗಳದಾಳ" ಅಂದೆ. ಅದಕ್ಕ ಅವರು ಉತ್ತರ ಕೊಡಲಿಲ್ಲ. ಆ ಎಂಟು ದಿನ ನಮ್ಮ ಮನ್ಯಾಗ ಕುಕ್ಕರ್ ಸೀಟಿ ಬಿಟ್ರ ಬ್ಯಾರೆ ಸಪ್ಪಳ ಇರಲಿಲ್ಲ.

ಒಂಬತ್ತನೇ ದಿನ ನಾದಿನಿ ಫೋನ್ ಮಾಡಿದ್ಲು. ಮನಿಯೊಳಗಿನ ಪಾಲು ಅಣ್ಣತಮ್ಮಂದಿರಿಗೆ ಬಿಡ್ತೀನಿ, ಅದನ್ನ ಖರೇನ ಖುಷಿಲೆ ಬಿಡ್ತೀನಿ. ಹೊಲದಾಗಿನ ನನ್ನ ಪಾಲು ನನ್ನ ಹೆಸರಿಗೆ ಇರಲಿ, ಬೋರಿನ ಖರ್ಚಿನಾಗ ನನ್ನ ಪಾಲಿಂದು ನಾ ಕೊಡ್ತೀನಿ ಅಂದ್ಲಂತ. ಆಕಿ ದನಿ ನಡಗತಿತ್ತು, ಆದ್ರ ಮಾತು ನೆಟ್ಟಗಿತ್ತು ಅಂತ ನಮ್ಮ ಮನಿಯವರ ಹೇಳಿದ್ರು. ಅದನ್ನ ಹೇಳೂ ಮುಂದ ಅವರ ಮಾರಿ ಮ್ಯಾಲೆ ಸಿಟ್ಟೂ ಇತ್ತು, ಸಣ್ಣಾಂಗ ತಂಗಿ ಬಗ್ಗೆ ಅಭಿಮಾನನೂ ಇದ್ದಂಗ ನನಗ ಕಂಡಿತು. ಈಗ ವಾಟ್ನಿ ಪತ್ರ ಬರಸಲಿಕ್ಕೆ ಕೊಟ್ಟಾರ. ಮಾತು ಇನ್ನೂ ಪೂರ್ತಿ ಸರಳ ಆಗಿಲ್ಲ, ಆದ್ರ ಎರಡನೇ ಕಪ್ ಚಹಾ ಕೇಳ್ಲಿಕ್ಕೆ ಶುರು ಮಾಡ್ಯಾರ. ಇದನ್ನೆಲ್ಲ ನಾದಿನಿನ್ನ ಕೇಳೇ ಬರದೇನಿ. "ಬರೀರಿ ವೈನಿ, ಯಾರಿಗರೆ ಉಪಯೋಗ ಆದೀತು" ಅಂದ್ಲು.

ನನ್ನ ಸಹಿ ತಿರುಗಿ ಬರೂದಿಲ್ಲ, ಬರಲಿ ಅಂತನೂ ನಾ ಬಡಿದಾಡೂದಿಲ್ಲ. ಇದು ಮಾತ್ರ ಈ ಸರ್ತೆ ವಿಚಾರ ಮಾಡಿ ಬಿಟ್ಟದ್ದು.

ಒಂದ ಸಾಲ ಮಾತ್ರ ಉಳದಿತ್ತು. ನಿನ್ನೆ ಮಧ್ಯಾಹ್ನ ಅಕ್ಕಗ ಫೋನ್ ಹಚ್ಚಿದೆ. ಭಾವನವರು ಹಾಸಿಗಿ ಹಿಡದ ಮೂರು ವರ್ಷ ಆ ಒಂದೂವರಿ ಎಕರೆ ಲಾವಣಿ ರೊಕ್ಕನ ಅವರ ಔಷಧಕ್ಕ ಆದದ್ದು ನನಗ ಗೊತ್ತಿತ್ತು, ಆದ್ರೂ ಯಾವತ್ತೂ ಅದರ ಮಾತು ತೆಗದಿರಲಿಲ್ಲ.

"ಅಕ್ಕಾ, ಆವಾಗ ಎಲ್ಲಾರ ಮುಂದ ನಿನಗ ಆಶಾಬುರಕಿ ಅಂದಿದ್ದೆ. ತಪ್ಪಾತು" ಅಂದೆ.

ಆ ಕಡಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮ್ಯಾಲೆ, "ಹೂಂ, ನೆನಪದ" ಅಂದ್ಲು. ಮತ್ತ ಸ್ವಲ್ಪ ತಡದು, "ಪಂಚಮಿಗೆ ಈ ಸರ್ತೆ ನನ್ನ ಮನಿಗೆ ಬಾ. ಉಂಡಿ ಕಟ್ಟತೀನಿ. ಯಾವ ಕಾಗದಕ್ಕೂ ಸಹಿ ಮಾಡೂದಿಲ್ಲ, ಸುಮ್ಮ ಉಂಡು ಹೋಗು" ಅಂದ್ಲು.